ವಿದ್ಯುತ್ತು, ಅಯಸ್ಕಾಂತ: ಎರಡು ಹೆಸರುಗಳ ಇತಿಹಾಸ

ನಮ್ಮ ಪ್ರೌಢಶಾಲೆಗಳಲ್ಲಿ ಓದಿಸತಕ್ಕ ಭೌತವಿಜ್ಞಾನದ ಪುಸ್ತಕಗಳಲ್ಲಿ ವಿದ್ಯುತ್ತು, ಅಯಸ್ಕಾಂತ ಎಂಬ ಎರಡು ಶಬ್ದಗಳು ಅಕ್ಕಪಕ್ಕದ ಅಧ್ಯಾಯಗಳಿಗೆ ಶಿರೋನಾಮಗಳಾಗಿ ನಿಂತಿರುವುವು. ಎರಡೂ ಸಂಸ್ಕೃತದಿಂದ ಬಂದವು. ಎರಡೂ ಬಹು ಪ್ರಾಚೀನವಾದವು. ಆದಕಾರಣ ಇವೆರಡರ ಚರಿತ್ರೆಯೂ ಒಂದೇ ತೆರನಾದುದೆಂದು ವಿದ್ಯಾರ್ಥಿಗಳು ಮಾತ್ರವಲ್ಲದೆ ಉಪಾಧ್ಯಾಯರೂ ಭಾವಿಸುವುದುಂಟು. ವಾಸ್ತವವಾಗಿ ಹಾಗಿಲ್ಲ. ಅಯಸ್ಕಾಂತವೆಂಬ ಹೆಸರು ಆ ವಸ್ತುವನ್ನು ಕೈಯಲ್ಲಿ ಹಿಡಿದು, ಅದರ ಗುಣವನ್ನು ಕಣ್ಣಾರೆ ಕಂಡವರು ಇಟ್ಟುದು. ವಿದ್ಯುತ್ತೆಂಬ ಹೆಸರಾದರೋ ಆಕಾಶದ ಮಿಂಚಿಗೆ ಸಲ್ಲುತ್ತಿದ್ದು, ತೀರ ಈಚೆಗೆ, ಬೇರೊಂದು ದೇಶದಲ್ಲಿ ನಡೆದ ಪರೀಕ್ಷೆಯ ಫಲವಾಗಿ, ಹೊಸದೊಂದು ಅರ್ಥವನ್ನು ಹೊತ್ತುಕೊಂಡಿತು. ಈ ಭೇದವನ್ನು ಗಮನಿಸದೆ ಹೋದುದರಿಂದ ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಹುಟ್ಟಿಕೊಂಡಿವೆ. ಋಗ್ವೇದದಲ್ಲಿ ವಿದ್ಯುತ್ ಶಬ್ದವಿರುವುದರಿಂದ ಋಷಿಗಳಿಗೆ ವಿದ್ಯುಚ್ಛಕ್ತಿಯ ತತ್ತ್ವ ತಿಳಿದಿದ್ದಿತೆಂಬುದು ಒಂದು. ಇಂಥ ವಿಷಯಗಳಲ್ಲಿ ನಮ್ಮ ಪೂರ್ವಿಕರಿಗೆ ಏನೂ ತಿಳಿದಿರಲಿಲ್ಲವೆಂಬುದು ಮತ್ತೊಂದು. ಗ್ರಂಥಗಳನ್ನು ತೆರೆದು ನೋಡಿದರೆ ಎರಡೂ ನಿಲ್ಲುವುದಿಲ್ಲ.

ಮೊದಲು ಅಯಸ್ಕಾಂತವನ್ನು ತೆಗೆದುಕೊಳ್ಳೋಣ. ಅಯಸ್ಸೆಂದರೆ ಕಬ್ಬಿಣ, ಕಾಂತನೆಂದರೆ ಪ್ರಿಯನು. ಕಬ್ಬಿಣಕ್ಕೆ ಪ್ರಿಯವಾದ ಕಲ್ಲು ಎಂದರ್ಥ. ಚೀನದವರೂ ಇದನ್ನು ವಾತ್ಸಲ್ಯದ ಕಲ್ಲೆಂದು ಕರೆದರು. ತಾಯಿಯು ಮಕ್ಕಳನ್ನು ಸೆಳೆಯುವಂತೆ ಇದು ಕಬ್ಬಿಣವನ್ನು ಸೆಳೆಯುವುದೆಂಬುದು ಅವರ ವಿವರಣೆ. ಫ್ರೆಂಚರು ಇದಕ್ಕೆ ಹೇಳುವ ಹೆಸರು ಪ್ರೀತಿಸುವುದೆಂಬ ಅರ್ಥದ ಮಾತಿನಂತೆಯೇ ಕೇಳಿಸುವುದಾದರೂ, ಅದರ ಮೂಲ ಗ್ರೀಕ್ ಭಾಷೆಯ ಬೇರೊಂದು ಶಬ್ದದಲ್ಲಿದೆ. ಪ್ರೀತಿಯ ಧ್ವನಿ ಅಲ್ಲಿ ಆಕಸ್ಮಿಕ. ಶಬ್ದಸಾಮ್ಯವನ್ನು ನಂಬಿ ಅರ್ಥವನ್ನು ನಿರ್ಣಯಿಸಬಾರದೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಕನ್ನಡದ ಸೂಜಿಗಲ್ಲು ಎಂಬ ಹೆಸರಿನಲ್ಲಿ ಪ್ರೇಮದ ಉಪಚಾರವಿಲ್ಲ. ಸೂಜಿಯನ್ನು ಎಳೆಯುವ ಕಲ್ಲು, ಅಷ್ಟೆ. ಮನೆಯಲ್ಲಿ ಸೂಜಿ ಬಿದ್ದುಹೋದಾಗ ಹುಡುಕಲು ಬಂದ ಕಲ್ಲಿಗೆ ಇದಕ್ಕಿಂತ ಸಹಜವಾದ ಹೆಸರು ಬೇಕಾಗಿಲ್ಲ.

ಹೆಸರಿಗಿಂತ ಮುಖ್ಯವಾದುದು ಅದರ ಉಪಯೋಗದ ಸಾಕ್ಷ್ಯ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ದೇಹದೊಳಕ್ಕೆ ಹೊಕ್ಕ ಶಲ್ಯಗಳನ್ನು, ಎಂದರೆ ಬಾಣದ ಮೊನೆ ಮೊದಲಾದವನ್ನು, ಹೊರತೆಗೆಯುವ ಉಪಾಯಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಅಯಸ್ಕಾಂತವೂ ಒಂದು. ಆದರೆ ಗ್ರಂಥಕಾರನು ಅಯಸ್ಕಾಂತದಿಂದ ತೆಗೆಯಬಹುದೆಂದು ಹೇಳಿ ಸುಮ್ಮನಾಗಿಲ್ಲ. ಶಲ್ಯವು ಹೊರಬರುವುದಕ್ಕೆ ಅನುಕೂಲವಾದ ದಿಕ್ಕಿನಲ್ಲಿರಬೇಕು. ಅದು ಒಳಗೆ ಕಚ್ಚಿಕೊಂಡಿರಬಾರದು. ಅದಕ್ಕೆ ಕಿವಿಗಳಂತೆ ಹಿಂದಕ್ಕೆ ಬಾಗಿದ ಮುಳ್ಳುಗಳಿರಬಾರದು. ಗಾಯದ ಬಾಯಿ ಕಿರಿದಾಗಿರಬಾರದು. ಈ ನಾಲ್ಕು ನಿಬಂಧನೆಗಳನ್ನು ಓದಿದವರಿಗೆ, ಇವು ಕಲ್ಪನೆಯಿಂದ ಬರೆದ ಮಾತುಗಳಲ್ಲವೆಂದೂ, ಆ ಕಲ್ಲಿನ ಸೆಳೆತ ಎಷ್ಟು ದುರ್ಬಲವೆಂಬುದನ್ನು ಅನುಭವದಿಂದ ಬಲ್ಲವರು ಬರೆದುವೆಂದೂ ತೋರದಿರದು.

ದರ್ಶನಗ್ರಂಥಗಳಲ್ಲಿಯೂ ಈ ಕಲ್ಲಿನ ಪ್ರಸಕ್ತಿ ಪದೇ ಪದೇ ಬರುವುದು. ವೈಶೇಷಿಕಸೂತ್ರಕಾರನು ಸೂಜಿಯು ಅಯಸ್ಕಾಂತದ ಕಡೆಗೆ ಚಲಿಸುವುದಕ್ಕೆ ಅದೃಷ್ಟವೇ ಕಾರಣವೆಂದನು. ಇಲ್ಲಿ ಅದೃಷ್ಟವೆಂದರೆ ಭಾಗ್ಯವಲ್ಲ. ಕಣ್ಣಿಗೆ ಕಾಣದ ಕಾರಣ. ನೂಕುವವನಿಲ್ಲ, ತಾಗುವುದಿಲ್ಲ, ಆದರೂ ಸೂಜಿ ಹೊರಡುತ್ತದೆ. ಸ್ಪರ್ಶವಿಲ್ಲದೆ ಚಲನವುಂಟಾಗುವುದೆಂತು ಎಂಬ ಪ್ರಶ್ನೆಯನ್ನು ಆತನು ಸರಿಯಾಗಿಯೇ ಕಂಡನು; ಉತ್ತರವನ್ನು ಮಾತ್ರ ಒಂದು ಶಬ್ದದಲ್ಲಿ ಮುಚ್ಚಿಟ್ಟನು. ಕಾಳಿದಾಸನು ಕುಮಾರಸಂಭವದ ಎರಡನೆಯ ಸರ್ಗದಲ್ಲಿ, ತಪೋನಿಶ್ಚಲವಾದ ಶಿವನ ಮನಸ್ಸನ್ನು ಉಮೆಯ ರೂಪದಿಂದ ಸೆಳೆಯಿರೆಂದು ಬ್ರಹ್ಮನ ಬಾಯಿಂದ ದೇವತೆಗಳಿಗೆ ಹೇಳಿಸುವಾಗ ಇದೇ ಉಪಮಾನವನ್ನು ತಂದಿರುವನು. ತಾನು ಅಲುಗದೆ ಇನ್ನೊಂದನ್ನು ಅಲುಗಿಸುವುದೆಂಬುದೇ ಈ ಕಲ್ಲಿನಲ್ಲಿ ಕವಿಗಳಿಗೂ ದಾರ್ಶನಿಕರಿಗೂ ಸೋಜಿಗವಾಗಿ ಕಂಡ ಅಂಶ.

ಸಾಂಖ್ಯರು ಇದನ್ನೇ ತಮ್ಮ ವಾದಕ್ಕೆ ಆಧಾರವಾಗಿ ಮಾಡಿಕೊಂಡರು. ನಿಷ್ಕ್ರಿಯನಾದ ಪುರುಷನು ಸನ್ನಿಧಿಮಾತ್ರದಿಂದ ಪ್ರಕೃತಿಯನ್ನು ಪ್ರವರ್ತಿಸುವನು, ಅಯಸ್ಕಾಂತವು ಕಬ್ಬಿಣವನ್ನು ಪ್ರವರ್ತಿಸುವಂತೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಈ ದೃಷ್ಟಾಂತವನ್ನು ಖಂಡಿಸುವಾಗ ಕೊಡುವ ಸಮಾಧಾನ ಬಹು ರಸವತ್ತಾದುದು. ಅಯಸ್ಕಾಂತದ ಸನ್ನಿಧಿಯು ನಿತ್ಯವಾದುದಲ್ಲ. ಅದನ್ನು ಹತ್ತಿರಕ್ಕೆ ತರುವುದೂ ಒಂದು ವ್ಯಾಪಾರವೇ. ಅಲ್ಲದೆ ಅದನ್ನು ಒರೆಸಿ ಶುದ್ಧಮಾಡುವುದೇ ಮೊದಲಾದುವೂ ಬೇಕಾಗುವುವು. ನಿತ್ಯಸನ್ನಿಹಿತನಾದ ಪುರುಷನಿಗೆ ಇದು ಸಲ್ಲದು. ಅದ್ವೈತಸ್ಥಾಪನೆಯ ನಡುವೆ ಕಲ್ಲನ್ನು ಒರೆಸುವ ಈ ಮಾತು ಹೇಗೆ ಬಂತು? ಆ ಕಲ್ಲನ್ನು ಉಪಯೋಗಿಸುವವರ ವಾಡಿಕೆಯನ್ನು ಬಲ್ಲ ಕಾಲದಲ್ಲಿ ಮಾತ್ರ ಬರತಕ್ಕ ಮಾತು ಇದು. ಮುಂದೆ ರಸಶಾಸ್ತ್ರಕಾರರು ಕಾಂತಲೋಹದಲ್ಲಿ ಭ್ರಾಮಕ, ಚುಂಬಕ, ಕರ್ಷಕ, ದ್ರಾವಕ, ರೋಮಕವೆಂದು ಐದು ಬಗೆಗಳನ್ನು ಎಣಿಸಿದರು. ಅವುಗಳಲ್ಲಿ ಚುಂಬಕವೆಂಬುದು ಇಂದಿನ ಹಿಂದಿ, ಮರಾಠಿಗಳಲ್ಲಿ ಅಯಸ್ಕಾಂತಕ್ಕೆ ಸಾಮಾನ್ಯನಾಮವಾಗಿ ಉಳಿದಿದೆ.

ಅಯಸ್ಕಾಂತದೊಡನೆ ಇನ್ನೊಂದು ವಸ್ತುವನ್ನೂ ಸ್ಮರಿಸಬೇಕು. ಮರದ ಅಂಟು ಭೂಮಿಯಲ್ಲಿ ಹುದುಗಿ, ಬಹುಕಾಲದಮೇಲೆ ಗಟ್ಟಿಯಾಗಿ, ಹಳದಿಯ ಮಣಿಯಂತಾಗುವುದು. ಇದನ್ನು ಬಟ್ಟೆಯಿಂದ ಉಜ್ಜಿದರೆ ಹುಲ್ಲುಕಡ್ಡಿ, ಹೊಟ್ಟು ಮೊದಲಾದ ಹಗುರವಾದ ವಸ್ತುಗಳನ್ನು ಸೆಳೆಯುವುದು. ಆದಕಾರಣ ಸಂಸ್ಕೃತದಲ್ಲಿ ಇದಕ್ಕೆ ತೃಣಮಣಿಯೆಂದೂ ತೃಣಕಾಂತವೆಂದೂ ಹೆಸರು. ಪಾರಸಿಯಲ್ಲಿ ಇದು ಕಹರುಬಾ, ಎಂದರೆ ಹುಲ್ಲುಗಳ್ಳ. ಗ್ರೀಕರು ಇದನ್ನು ಎಲೆಕ್ಟ್ರಾನ್ ಎಂದರು. ಹದಿನೈದನೆಯ ಶತಮಾನದ ಶಂಕರಮಿಶ್ರನು ವೈಶೇಷಿಕಸೂತ್ರಕ್ಕೆ ಬರೆದ ಉಪಸ್ಕಾರದಲ್ಲಿ ಸೂಜಿಯು ಅಯಸ್ಕಾಂತದ ಕಡೆಗೂ ಹುಲ್ಲು ತೃಣಕಾಂತದ ಕಡೆಗೂ ಹೋಗುವುದನ್ನು ಒಟ್ಟಿಗೆ ಹೇಳಿ, ಎರಡಕ್ಕೂ ಅದೃಷ್ಟವನ್ನೇ ಕಾರಣವಾಗಿ ಮಾಡಿರುವನು. ಹೆಸರುಗಳೂ ಇದಕ್ಕೆ ತಕ್ಕಂತಿವೆ: ಒಂದು ಅಯಸ್ಸಿಗೆ ಕಾಂತ, ಇನ್ನೊಂದು ತೃಣಕ್ಕೆ ಕಾಂತ. ಯೂರೋಪಿನಲ್ಲಿಯೂ ಬಹುಕಾಲ ಸ್ಥಿತಿ ಇದೇ. ಇವೆರಡೂ ಒಂದೇ ಜಾತಿಯ ಸೆಳೆತವೆಂದು ತಿಳಿದಿರುವತನಕ ಯಾವುದೊಂದರ ನಿಜಸ್ವರೂಪವೂ ಗೊತ್ತಾಗುವಂತಿರಲಿಲ್ಲ.

ಈ ಗಂಟನ್ನು ಬಿಡಿಸುವ ಕಾರ್ಯಕ್ಕೆ ಇಟಲಿಯ ಕಾರ್ಡಾನೋ ಎಂಬಾತನು 1550ರಲ್ಲಿ ಕೈಹಾಕಿದನು. ಅದನ್ನು ಪೂರ್ಣಗೊಳಿಸಿದವನು ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಗಿಲ್ಬರ್ಟನು. 1600ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟವಾದ ಆತನ ಅಯಸ್ಕಾಂತಗ್ರಂಥವು ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂಬ ಸಿದ್ಧಾಂತಕ್ಕಾಗಿ ಪ್ರಸಿದ್ಧವಾಗಿದೆ. ನಮ್ಮ ಪ್ರಕೃತಕ್ಕೆ ಮುಖ್ಯವಾದುದು ಅದರ ಎರಡನೆಯ ಭಾಗದ ಒಂದು ಅಧ್ಯಾಯ. ಅಲ್ಲಿ ಆತನು ಮೊನೆಯ ಮೇಲೆ ತಿರುಗುವ ಹಗುರವಾದ ಒಂದು ಕಡ್ಡಿಯನ್ನಿಟ್ಟು, ಉಜ್ಜಿದ ವಸ್ತುಗಳನ್ನು ಅದರ ಬಳಿಗೆ ತಂದು ಪರೀಕ್ಷಿಸಿದನು. ತೃಣಮಣಿಯಷ್ಟೇ ಅಲ್ಲ, ಗಾಜು, ಗಂಧಕ, ಅರಗು, ವಜ್ರ, ನೀಲ ಇವೂ ಸೆಳೆಯುವುವೆಂದು ಕಂಡನು. ಅಯಸ್ಕಾಂತವನ್ನು ಉಜ್ಜಬೇಕಾಗಿಲ್ಲ; ತೃಣಮಣಿಯನ್ನು ಉಜ್ಜಲೇಬೇಕು. ಅಯಸ್ಕಾಂತ ಕಬ್ಬಿಣವನ್ನು ಮಾತ್ರ ಹಿಡಿಯುವುದು. ತೃಣಮಣಿಗೆ ಆ ನಿಯಮವಿಲ್ಲ. ನಡುವೆ ಕಾಗದವಿಟ್ಟರೂ ಅಯಸ್ಕಾಂತದ ಸೆಳೆತ ತಪ್ಪದು. ತೃಣಮಣಿಯ ಸೆಳೆತವನ್ನು ಗಾಳಿಯ ತೇವವೂ ಕೆಡಿಸುವುದು. ಹೀಗೆ ಎರಡನ್ನೂ ಬೇರ್ಪಡಿಸಿ, ಎರಡನೆಯದಕ್ಕೆ ಗ್ರೀಕರ ತೃಣಮಣಿಯ ಹೆಸರಿನಿಂದ ಒಂದು ವಿಶೇಷಣವನ್ನು ಕಲ್ಪಿಸಿದನು. 1646ರಲ್ಲಿ ಥಾಮಸ್ ಬ್ರೌನನು ಅದರಿಂದ ಎಲೆಕ್ಟ್ರಿಸಿಟಿ ಎಂಬ ಭಾವನಾಮವನ್ನು ಇಂಗ್ಲಿಷಿನಲ್ಲಿ ಬಳಸಿದನು. ಎಂದಮೇಲೆ ಯೂರೋಪಿನ ಭಾಷೆಗಳಲ್ಲಿ ಈ ಶಕ್ತಿಯ ಹೆಸರು ಮಣಿತ್ವವೆಂಬಷ್ಟೇ ಅರ್ಥವುಳ್ಳದ್ದು. ಅದರಲ್ಲಿ ಬೆಳಕಿಲ್ಲ, ಮಿಂಚಿಲ್ಲ. ಉಜ್ಜಿದ ಮಣಿಯ ನೆನಪು ಮಾತ್ರವಿದೆ.

ನಮ್ಮ ವಿದ್ಯುತ್ತಿನ ಕಥೆಯೇ ಬೇರೆ. ಅಮರಕೋಶದಲ್ಲಿ ಮಿಂಚಿಗೆ ಹತ್ತು ಹೆಸರುಗಳಿವೆ: ವಿದ್ಯುತ್, ತಡಿತ್, ಸೌದಾಮನೀ, ಚಂಚಲಾ, ಚಪಲಾ, ಕ್ಷಣಪ್ರಭಾ, ಶಂಪಾ, ಶತಹ್ರದಾ, ಹ್ರಾದಿನೀ, ಐರಾವತೀ. ಇವುಗಳಲ್ಲಿ ಕೆಲವು ಹೊಳಪನ್ನೂ, ಕೆಲವು ಅಸ್ಥಿರತೆಯನ್ನೂ, ಒಂದೆರಡು ಶಬ್ದವನ್ನೂ, ಮತ್ತೆ ಕೆಲವು ಪುರಾಣಸಂಬಂಧವನ್ನೂ ಸೂಚಿಸುವುವು. ವಿದ್ಯುತ್ ಎಂಬುದು ಹೊಳೆಯುವುದೆಂಬ ಅರ್ಥದ ದ್ಯುತ್ ಧಾತುವಿನಿಂದ ಬಂದುದು. ಸೆಳೆಯುವುದೆಂದಾಗಲಿ ಹರಿಯುವುದೆಂದಾಗಲಿ ಹೇಳುವ ಹೆಸರು ಹತ್ತರಲ್ಲಿ ಒಂದೂ ಇಲ್ಲ. ತೃಣಮಣಿಗೂ ಮಿಂಚಿಗೂ ಸಂಬಂಧವಿರಬಹುದೆಂಬ ಭಾವನೆ ನಮ್ಮ ಪ್ರಾಚೀನರಿಗೆ ಬಂದಿದ್ದರೆ, ಪರ್ಯಾಯಶಬ್ದಗಳಲ್ಲಿ ಇಷ್ಟು ಉದಾರರಾದ ಅವರು ಅದಕ್ಕೊಂದು ಹೆಸರನ್ನು ಬಿಟ್ಟುಹೋಗದೆ ಇರುತ್ತಿರಲಿಲ್ಲ. ಇದು ನಿಷೇಧರೂಪದ ಪ್ರಮಾಣವೆಂಬುದನ್ನು ನಾನು ಬಲ್ಲೆನು. ಆದರೂ ವೇದದ ವಿದ್ಯುತ್ತನ್ನು ತಂತಿಯ ವಿದ್ಯುತ್ತೆನ್ನುವವರು ತೋರಿಸುವ ಪ್ರಮಾಣಕ್ಕಿಂತ ಇದು ಬಲವಾದುದು. ಅವರ ಕೈಯಲ್ಲಿರುವುದು ಶಬ್ದ ಮಾತ್ರ. ಆ ಶಬ್ದಕ್ಕೆ ಇಂದಿನ ಅರ್ಥವನ್ನು ಕೊಟ್ಟವರು ಯಾರು, ಯಾವಾಗ, ಎಂದು ಕೇಳಬೇಕು.

ಆ ಅರ್ಥಕ್ಕೆ ಮೂಲ 1752ನೆಯ ಇಸವಿ. ಅದಕ್ಕೆ ಮುಂಚೆ 1729ರಲ್ಲಿ ಸ್ಟೀಫನ್ ಗ್ರೇ ಎಂಬಾತನು ಉಜ್ಜಿದ ಗಾಜಿನ ಗುಣವು ದಾರದ ಮೂಲಕ ಬಹುದೂರ ಹೋಗುವುದನ್ನೂ, ಕೆಲವು ವಸ್ತುಗಳು ಅದನ್ನು ಒಯ್ಯುವುದನ್ನೂ ಕೆಲವು ತಡೆಯುವುದನ್ನೂ ತೋರಿಸಿದ್ದನು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು, ಉಜ್ಜಿದ ಯಂತ್ರದಿಂದ ಹಾರುವ ಕಿಡಿಗೂ ಮೋಡದ ಮಿಂಚಿಗೂ ಬಣ್ಣ, ಶಬ್ದ, ವೇಗ, ಲೋಹಗಳಲ್ಲಿ ಹರಿಯುವ ಗುಣ ಇವುಗಳಲ್ಲಿ ಸಾಮ್ಯವನ್ನು ಕಂಡು, ಎತ್ತರವಾದ ಕಬ್ಬಿಣದ ಸಲಾಕೆಯಿಂದ ಪರೀಕ್ಷಿಸಬಹುದೆಂದು ಸೂಚಿಸಿದನು. ಫ್ರಾನ್ಸಿನ ಮಾರ್ಲಿ ಎಂಬ ಊರಿನಲ್ಲಿ ದಾಲಿಬಾರನ ಏರ್ಪಾಟಿನಂತೆ ನಿಲ್ಲಿಸಿದ ಸಲಾಕೆಯಿಂದ 1752ನೆಯ ಮೇ 10ರಂದು ಗುಡುಗುವ ಮೋಡದ ಕೆಳಗೆ ಕಿಡಿಗಳು ಬಂದುವು. ಅದೇ ವರ್ಷ ಫ್ರಾಂಕ್ಲಿನ್ನನು ಗಾಳಿಪಟದಿಂದ ಮಾಡಿದ ಪರೀಕ್ಷೆ ಎಲ್ಲರಿಗೂ ತಿಳಿದುದೇ. ಮರುವರ್ಷ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಂಥದೇ ಪರೀಕ್ಷೆಯಲ್ಲಿದ್ದ ರಿಚ್‌ಮನ್ ಎಂಬ ವಿದ್ವಾಂಸನು ಸಿಡಿಲಿಗೆ ಬಲಿಯಾದನು. ಮಣಿಯ ಗುಣವೂ ಮಿಂಚೂ ಒಂದೇ ಎಂಬ ಸಮೀಕರಣ ಹೀಗೆ ಸಿದ್ಧವಾಯಿತು.

ನಮ್ಮ ವಿದ್ಯುತ್ತೆಂಬ ಪರಿಭಾಷೆ ನಿಂತಿರುವುದು ಈ ಸಮೀಕರಣದ ಮೇಲೆ. ಫ್ರಾಂಕ್ಲಿನ್ನನ ಊಹೆ ಸುಳ್ಳಾಗಿದ್ದರೆ ಇಂಗ್ಲಿಷಿನವರ ಹೆಸರು ಹಾಗೆಯೇ ಉಳಿಯುತ್ತಿತ್ತು. ನಮ್ಮ ಹೆಸರು ಮಾತ್ರ ತಪ್ಪಾಗುತ್ತಿತ್ತು. ಪ್ರಾಚೀನವಾಗಿ ತೋರುವ ಶಬ್ದವು ಆಧುನಿಕವಾದ ಸಿದ್ಧಾಂತವೊಂದನ್ನು ತನ್ನೊಳಗೆ ಅಡಗಿಸಿಕೊಂಡಿರುವುದು ಹೀಗೆ. ಇದು ನಮ್ಮೊಬ್ಬರ ವಿಷಯವೂ ಅಲ್ಲ. ಹಿಂದಿಯ ಬಿಜಲಿ, ಮರಾಠಿಯ ವೀಜ್, ಬಂಗಾಳಿಯ ತಡಿತ್, ತಮಿಳಿನ ಮಿನ್‌ಸಾರಂ, ಚೀನದವರ ಶಬ್ದ, ಎಲ್ಲವೂ ಮಿಂಚಿನ ಹೆಸರುಗಳೇ. ಹೊಸ ವಿದ್ಯೆಯನ್ನು 1752ರ ಅನಂತರ ಸ್ವೀಕರಿಸಿದ ಭಾಷೆಗಳಿಗೆ ಮಿಂಚು ಸಿದ್ಧವಾದ ಹೆಸರಾಗಿ ಒದಗಿತು. ಇದಕ್ಕೊಂದು ವಿನೋದವಾದ ಅಪವಾದವುಂಟು. ಅರಬ್ಬಿಯವರು ಪಾರಸಿಯ ಹುಲ್ಲುಗಳ್ಳನನ್ನು ಎರವಲು ತಂದು ಈ ಶಕ್ತಿಗೆ ಕಹ್ರಬಾ ಎಂದು ಹೆಸರಿಟ್ಟರು. ಪಾರಸಿಯವರಾದರೋ ಮಿಂಚೆಂಬ ಅರ್ಥದ ಅರಬ್ಬಿಯ ಬರ್ಕ್ ಶಬ್ದವನ್ನು ಆರಿಸಿಕೊಂಡರು. ನೆರೆಮನೆಯವರು ಪಾತ್ರೆಗಳನ್ನು ಅದಲುಬದಲು ಮಾಡಿಕೊಂಡಂತಾಯಿತು.

ಫ್ರಾಂಕ್ಲಿನ್ನನಿಂದಲೇ ಬಂದ ಇನ್ನೊಂದು ಜೋಡಿಶಬ್ದವನ್ನು ಇಲ್ಲಿ ಹೇಳಬೇಕು. 1733ರಲ್ಲಿ ಫ್ರಾನ್ಸಿನ ದ್ಯುಫೇ ಎಂಬಾತನು ಗಾಜಿನ ವಿದ್ಯುತ್ತೇ ಬೇರೆ, ಅರಗಿನ ವಿದ್ಯುತ್ತೇ ಬೇರೆ ಎಂದಿದ್ದನು. ಫ್ರಾಂಕ್ಲಿನ್ನನು 1747ರಲ್ಲಿ, ವಿದ್ಯುತ್ತು ಒಂದೇ, ಅದು ಹೆಚ್ಚಾಗಿದ್ದರೆ ಒಂದು ಬಗೆಯಾಗಿಯೂ ಕಡಮೆಯಾಗಿದ್ದರೆ ಇನ್ನೊಂದು ಬಗೆಯಾಗಿಯೂ ತೋರುವುದೆಂದು ಹೇಳಿ, ಲೆಕ್ಕದ ಕೂಡು ಕಳೆ ಚಿಹ್ನೆಗಳನ್ನು ಅವಕ್ಕೆ ಅನ್ವಯಿಸಿದನು. ಕನ್ನಡದಲ್ಲಿ ನಾವು ಇವನ್ನು ಧನ, ಋಣ ಎನ್ನುತ್ತೇವೆ. ಈ ಶಬ್ದಗಳು ಬ್ರಹ್ಮಗುಪ್ತನು 628ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಗಣಿತದ ಪರಿಭಾಷೆಯಾಗಿ ಬಂದಿರತಕ್ಕವು. ಆಸ್ತಿ ಮತ್ತು ಸಾಲ ಎಂಬುದೇ ಅವುಗಳ ಅರ್ಥ. ಮುದ್ರಣಾಲಯವನ್ನಿಟ್ಟು ವ್ಯಾಪಾರ ಮಾಡಿದ ಫ್ರಾಂಕ್ಲಿನ್ನನ ಮನಸ್ಸಿನಲ್ಲಿದ್ದುದೂ ಉಳಿಕೆ ಕೊರತೆಗಳೇ ಆದುದರಿಂದ, ಈ ಒಂದೆಡೆಯಲ್ಲಿ ನಮ್ಮ ಪರಿಭಾಷೆ ಮೂಲದ ಭಾವವನ್ನು ಮೂಲಕ್ಕಿಂತಲೂ ಸ್ಪಷ್ಟವಾಗಿ ಹೇಳುವುದೆನ್ನಬಹುದು. ಆದರೆ ಯಾವುದನ್ನು ಧನವೆನ್ನಬೇಕೆಂಬುದರಲ್ಲಿ ಆತನ ಊಹೆ ಸರಿಬೀಳಲಿಲ್ಲ. 1897ರಲ್ಲಿ ಜೆ. ಜೆ. ಥಾಮ್ಸನ್ನನು ಕಂಡುಹಿಡಿದ ಎಲೆಕ್ಟ್ರಾನು ಋಣವಾಗಿ ಪರಿಣಮಿಸಿತು. ತಂತಿಯಲ್ಲಿ ನಿಜವಾಗಿ ಚಲಿಸುವುದು ಅದೇ. ಪುಸ್ತಕದ ಬಾಣದ ಗುರುತು ತೋರಿಸುವುದು ಅದಕ್ಕೆ ಎದುರು ದಿಕ್ಕನ್ನು. ಹುಡುಗರು ಇದರಿಂದ ಗಲಿಬಿಲಿಗೊಂಡರೆ ತಪ್ಪು ಅವರದಲ್ಲ. ಎಲೆಕ್ಟ್ರಾನ್ ಎಂಬುದು ಗ್ರೀಕರ ತೃಣಮಣಿಯೇ ಆದುದರಿಂದ, ನಾವು ಬೇಡವೆಂದು ಬಿಟ್ಟ ಮಣಿಯು ಹಿಂದಿನ ಬಾಗಿಲಿನಿಂದ ಕನ್ನಡವನ್ನು ಪ್ರವೇಶಿಸಿದೆಯೆಂಬುದನ್ನೂ ಗಮನಿಸಬಹುದು.

ಮೂರನೆಯ ಹೆಸರೊಂದುಂಟು, ಅದು ಪಂಡಿತರದಲ್ಲ, ಜನರದು. ಇಟಲಿಯ ವೋಲ್ಟನು 1800ನೆಯ ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಬರೆದ ಕಾಗದದಲ್ಲಿ, ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳನ್ನು ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳೊಡನೆ ಒಂದರ ಮೇಲೊಂದಾಗಿ ಪೇರಿಸಿದರೆ ವಿದ್ಯುತ್ತು ಒಂದೇ ಸಮನೆ ದೊರೆಯುವುದೆಂದು ತಿಳಿಸಿದನು. ಅದುವರೆಗೆ ಕಿಡಿಯಾಗಿ ಹಾರಿಹೋಗುತ್ತಿದ್ದುದು ಈಗ ಪ್ರವಾಹವಾಯಿತು. ಆ ಪ್ರವಾಹಕ್ಕೆ ಇಂಗ್ಲಿಷಿನಲ್ಲಿ ಸಲ್ಲುವ ಹೆಸರೇ ನಮ್ಮ ಜನರ ಬಾಯಲ್ಲಿರುವ ಕರೆಂಟು. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೂ, 1905ನೆಯ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಬಂತು. ಇಂದು ನಮ್ಮ ಮನೆಗಳಲ್ಲಿ ಕರೆಂಟು ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ. ವಿದ್ಯುತ್ತು ಬರುವುದು ಪುಸ್ತಕದಲ್ಲಿ ಮತ್ತು ಸರ್ಕಾರದ ಪ್ರಕಟನೆಗಳಲ್ಲಿ. ಈ ಹೆಸರೂ ಪೂರ್ಣಸತ್ಯವಲ್ಲ. ಮನೆಗೆ ಬರುವ ಪ್ರವಾಹವು ಒಂದು ಸೆಕೆಂಡಿಗೆ 50 ಸಲ ಹಿಂದುಮುಂದಾಗತಕ್ಕದ್ದು. ಶಿವನಸಮುದ್ರದಲ್ಲಿ ಹೊರಟ ಎಲೆಕ್ಟ್ರಾನು ಯಾವುದೂ ಬೆಂಗಳೂರನ್ನು ಸೇರುವುದಿಲ್ಲ, ಇದ್ದಲ್ಲಿಯೇ ತೂಗಾಡುವುದು. ಬಂದು ಸೇರುವುದು ಶಕ್ತಿ.

ಗಿಲ್ಬರ್ಟನು ಬಿಡಿಸಿದ ಎರಡು ಎಳೆಗಳು ಮತ್ತೆ ಕೂಡಿದ್ದು ಇನ್ನೂರ ಇಪ್ಪತ್ತು ವರ್ಷಗಳ ಮೇಲೆ. 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ಡನು ಉಪನ್ಯಾಸವೊಂದರಲ್ಲಿ ಪ್ರವಾಹವಿರುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗಿದುದನ್ನು ಕಂಡನು. ಮುಳ್ಳು ತಂತಿಯ ಕಡೆಗೆ ಸೆಳೆಯಲ್ಪಡಲಿಲ್ಲ. ತಂತಿಗೆ ಅಡ್ಡವಾಗಿ ತಿರುಗಿತು. ಸೆಳೆತವೆಂಬ ಹಳೆಯ ಕಲ್ಪನೆಗೆ ಇದು ಸಿಕ್ಕುವಂತಿರಲಿಲ್ಲ. ಜುಲೈ 21ರಂದು ಆತನು ನಾಲ್ಕು ಪುಟದ ಲ್ಯಾಟಿನ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದನು. ವಿದ್ಯುತ್ತಿನಿಂದ ಅಯಸ್ಕಾಂತದ ಗುಣ ಬರುವುದಾದರೆ ಅಯಸ್ಕಾಂತದಿಂದ ವಿದ್ಯುತ್ತೇಕೆ ಬಾರದೆಂದು ಅನೇಕರು ಪ್ರಯತ್ನಿಸಿ ಸೋತರು. 1831ನೆಯ ಆಗಸ್ಟ್ 29ರಂದು ಮೈಕೇಲ್ ಫ್ಯಾರಡೇ, ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಂತಿಗಳನ್ನು ಸುತ್ತಿ, ಒಂದಕ್ಕೆ ಪ್ರವಾಹ ಕೊಟ್ಟು, ಇನ್ನೊಂದರ ಬಳಿ ಸೂಚಿಯನ್ನಿಟ್ಟು ನೋಡಿದನು. ಪ್ರವಾಹ ಹರಿಯುತ್ತಿರುವಷ್ಟು ಕಾಲವೂ ಸೂಚಿ ಸುಮ್ಮನಿದ್ದಿತು. ಪ್ರವಾಹವನ್ನು ಕೂಡಿಸಿದ ಕ್ಷಣದಲ್ಲಿಯೂ ಕಡಿದ ಕ್ಷಣದಲ್ಲಿಯೂ ಮಾತ್ರ ಅಲುಗಿತು. ಅಕ್ಟೋಬರ್ 17ರಂದು ಸುರುಳಿಯೊಳಕ್ಕೆ ಅಯಸ್ಕಾಂತದ ದಂಡವನ್ನು ನೂಕಿದಾಗಲೂ ಸೆಳೆದಾಗಲೂ ಪ್ರವಾಹ ಕಂಡುಬಂತು; ದಂಡ ಒಳಗೆ ನಿಂತಿದ್ದಾಗ ಏನೂ ಇಲ್ಲ. ಹಿಂದಿನವರು ಸೋತುದಕ್ಕೆ ಕಾರಣ ಇಲ್ಲಿ ಗೊತ್ತಾಯಿತು. ಅವರು ನಿಶ್ಚಲವಾದ ಅಯಸ್ಕಾಂತದಿಂದ ಫಲವನ್ನು ನಿರೀಕ್ಷಿಸಿದ್ದರು.

ಸನ್ನಿಧಿಮಾತ್ರದಿಂದ ಪ್ರವೃತ್ತಿಯಾಗದು, ಹತ್ತಿರಕ್ಕೆ ತರುವ ವ್ಯಾಪಾರ ಬೇಕು ಎಂಬ ಭಾಷ್ಯದ ಮಾತು ಇಲ್ಲಿ ನೆನಪಾಗುವುದು ಸಹಜ. ಆದರೆ ಇದನ್ನು ಸಾದೃಶ್ಯವೆನ್ನುವೆನೇ ಹೊರತು ಪೂರ್ವಸೂಚನೆಯೆನ್ನಲಾರೆನು. ಆಚಾರ್ಯರಿಗೆ ಬೇಕಾದುದು ಪುರುಷನ ವಿಚಾರ, ಕಲ್ಲಿನದಲ್ಲ. ನಮ್ಮ ಪಠ್ಯಪುಸ್ತಕಗಳು ಫ್ಯಾರಡೇಯ ಸಂಶೋಧನೆಯನ್ನು ವಿದ್ಯುತ್ಕಾಂತೀಯ ಪ್ರೇರಣೆಯೆನ್ನುತ್ತವೆ. ಪ್ರೇರಣೆಯೆಂಬುದು ದರ್ಶನಗಳ ಗಾಳಿಯಲ್ಲಿ ಬೆಳೆದ ಶಬ್ದ. ಉಪಾಧ್ಯಾಯರು ಅದನ್ನು ವಿವರಿಸುವಾಗ ಚಲನವೆಂಬ ಅಂಶವನ್ನು ಒತ್ತಿ ಹೇಳದಿದ್ದರೆ ವಿದ್ಯಾರ್ಥಿಗಳು ಸಾಂಖ್ಯರ ಪಕ್ಷವನ್ನೇ ಹಿಡಿದು, ಅಯಸ್ಕಾಂತವನ್ನು ಸುರುಳಿಯಲ್ಲಿ ಇಟ್ಟರೆ ಸಾಕೆಂದು ಉತ್ತರ ಬರೆಯುವರು. ಶಿವನಸಮುದ್ರದಲ್ಲಿ ಕಾವೇರಿ ಬಿದ್ದು ಮಾಡತಕ್ಕ ಕೆಲಸವೂ ಇದೇ: ಅಯಸ್ಕಾಂತಕ್ಕೂ ಸುರುಳಿಗೂ ನಡುವೆ ಚಲನವನ್ನು ನಿಲ್ಲಗೊಡದಿರುವುದು. ನೀರಿಗೆ ಬದಲಾಗಿ ಕಲ್ಲಿದ್ದಲನ್ನು ಉರಿಸಿದರೂ, ಗಾಳಿಯ ರೆಕ್ಕೆಯನ್ನು ನಿಲ್ಲಿಸಿದರೂ, ಪರಮಾಣುವಿನ ಕಾವಿನಿಂದ ಹಬೆಯನ್ನೆಬ್ಬಿಸಿದರೂ ಕೊನೆಯ ಹಂತ ಬೇರೆಯಲ್ಲ.

ಇಂಥ ಶಬ್ದಗಳ ವಿಚಾರ ಕನ್ನಡದಲ್ಲಿ ಹೊಸದಾಗಿ ಹುಟ್ಟಿದುದಲ್ಲ. 1918ರಲ್ಲಿ ಬೆಂಗಳೂರಿನಿಂದ ಹೊರಟ ‘ವಿಜ್ಞಾನ’ ಮಾಸಪತ್ರಿಕೆಯ ಸಂಪಾದಕರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದವರು. ಪಂಪಭಾರತದ ಪರಿಷ್ಕರಣದಲ್ಲಿಯೂ ದುಡಿದವರು. ಹಳಗನ್ನಡದ ಪಾಠಾಂತರಗಳನ್ನು ತೂಗಿದ ಕೈಯೇ ಹೊಸ ಪರಿಭಾಷೆಯನ್ನೂ ತೂಗಿತು. ಆದರೂ ತೊಡಕುಗಳು ಉಳಿದಿವೆ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಶಬ್ದಗಳಿಗೆ ಶಾಸ್ತ್ರದಲ್ಲಿ ಮೂರು ಬೇರೆ ಅರ್ಥಗಳಿವೆ. ಕಾವ್ಯದಲ್ಲಿ ಮೂರೂ ಒಂದೇ. ಮನೆಯ ಬಿಲ್ಲಿನಲ್ಲಿ ಎಣಿಸುವ ಯೂನಿಟ್ಟು ಶಕ್ತಿಯ ಅಳತೆ, ದೀಪದ ಮೇಲೆ ಬರೆದಿರುವ ವ್ಯಾಟು ಸಾಮರ್ಥ್ಯದ ಅಳತೆ. ಸಾವಿರ ವ್ಯಾಟಿನ ಒಲೆ ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಇಷ್ಟನ್ನು ಹೇಳುವಾಗಲೂ ಕನ್ನಡದ ಉಪಾಧ್ಯಾಯನು ತನ್ನ ಸಾಹಿತ್ಯಾಭ್ಯಾಸವನ್ನು ಸ್ವಲ್ಪ ಹೊತ್ತು ಬದಿಗಿಡಬೇಕಾಗುವುದು.

ಅಯಸ್ಕಾಂತವೇ ಬೇಡದ ವಿದ್ಯುತ್ತೂ ಈಗ ಬಂದಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೌರವಿದ್ಯುತ್ ಕ್ಷೇತ್ರವನ್ನು ಕಾಣಬಹುದು. ಅಲ್ಲಿ ಚಕ್ರ ತಿರುಗುವುದಿಲ್ಲ, ಸುರುಳಿ ಇಲ್ಲ, ಉಜ್ಜುವ ಮಣಿ ಇಲ್ಲ. ಬಿಸಿಲು ಸಿಲಿಕಾನಿನ ಹಲಗೆಯ ಮೇಲೆ ಬಿದ್ದೊಡನೆ ಅದರೊಳಗಣ ಎಲೆಕ್ಟ್ರಾನುಗಳು ಕದಲಿ ಪ್ರವಾಹವುಂಟಾಗುವುದು. ಬೆಳಕಿನಿಂದ ಪ್ರವಾಹವುಂಟಾಗುವುದನ್ನು ಫ್ರಾನ್ಸಿನ ಬೆಕರೆಲನು 1839ರಲ್ಲಿಯೇ ಕಂಡಿದ್ದನು. ದ್ಯುತ್ ಧಾತುವಿನ ಅರ್ಥ ಇಲ್ಲಿ ಅಕ್ಷರಶಃ ಹೊಂದುವುದಾದರೂ, ಆ ಹೆಸರಿಟ್ಟವರು ನೋಡುತ್ತಿದ್ದುದು ಮಳೆಗಾಲದ ಮೋಡವನ್ನು.